ಕೊನೆಯ ಹಾಳೆ ಬಾರದ ಹಡಗು

ಹೋದ ತಿಂಗಳ ಒಂದು ಆದಿತ್ಯವಾರ ಮಗಳ ಮೇಲೆ ಸುಮ್ಮಸುಮ್ಮನೆ ರೇಗಿದೆ. ಸುಮ್ಮಸುಮ್ಮನೆ ಎನ್ನುವುದು ಹೆಂಡತಿಯ ತೀರ್ಪು. ಕಾರಣ ಇತ್ತು, ಅದು ಮೂವತ್ತು ವರ್ಷ ಹಳೆಯದಾದ್ದರಿಂದ ಊಟಕ್ಕೆ ಕರೆಯುವುದರೊಳಗೆ ವಿವರಿಸಿ ಮುಗಿಸುವ ಹಾಗಿರಲಿಲ್ಲ.

ಶ್ರುತಿ ಎಡಗೈಯ ಉಗುರುಗಳಿಗೆ ಬಣ್ಣ ಹಚ್ಚಿ ಊದುತ್ತಾ, ಬಲಗೈಯಲ್ಲಿ ಕಂಪ್ಯೂಟರಿನ ಮೌಸ್ ಆಡಿಸುತ್ತಿದ್ದಳು. ಅವಳದೊಂದು ಗುಂಪು ಉಂಟು, ಇಂಟರ್ನೆಟ್ಟಿನಲ್ಲಿ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಎಂತ ಮಾಡುತ್ತೇವೆಂದು ಬರೆಯುತ್ತಾರೆ, ದಾಳ ಹಾಕುತ್ತಾರೆ. ಯಾರು ಯಾವ ಊರಿನಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ.

"ಅಪ್ಪಾ, ನಿಮ್ಮ ಕಾಲದಲ್ಲೂ ಈ ಆಟ ಇತ್ತು ಅಂತ ಹೇಳ್ತಿದ್ರಲ್ಲ. ಯಾರೋ ಹಳೇದೊಂದು ಹಾಕಿದ್ದಾರೆ ನೋಡಿ. ಮಂಗಳೂರಿದ್ದೇ."

ಕನ್ನಡಕ ಹುಡುಕಿ ನೋಡಿದೆ. ಹಳದಿಯಾದ ಸೈಕ್ಲೋಸ್ಟೈಲ್ ಹಾಳೆಯ ಚಿತ್ರ. ಅಕ್ಷರ ನನ್ನದೇ, ಹೆಸರು ನನ್ನದಲ್ಲ. 'ಮುಳುಗಿದ ಹಡಗು. ರಚನೆ: ಕೆ. ಜಯರಾಮ, ಮಂಗಳೂರು.' ಕೆಳಗೆ ಹುಡುಗರ ಸಾಲು ಸಾಲು ಹೊಗಳಿಕೆ. ಹಿರಿಯರಿಗೆ ನಮಸ್ಕಾರವಂತೆ. ದಾರಿ ಮಾಡಿಕೊಟ್ಟವರಂತೆ.

"ಆ ಬಾಟಲಿಗೆ ಮುಚ್ಚಳ ಹಾಕು!" ಎಂದು ಕಿರುಚಿದೆ. "ಈ ಮನೆಯೊಳಗೆ ಆ ವಾಸನೆ ಬೇಡ!"

"ಎಂತಾಯ್ತು ನಿಮಗೆ? ನಿನ್ನೆ ಅಮ್ಮನೂ ಹಚ್ಚಿದ್ದಾರೆ ಇದನ್ನೇ."

ನಿನ್ನೆ ಬೇರೆ. ನಿನ್ನೆ ಆ ಹಾಳೆ ನನ್ನ ಕಣ್ಣೆದುರು ಇರಲಿಲ್ಲ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರದ ಸ್ಟೆನ್ಸಿಲ್ ಹಾಳೆಯಲ್ಲಿ ತಪ್ಪು ಬರೆದರೆ ಅದರ ಮೇಲೆ ಗುಲಾಬಿ ಬಣ್ಣದ ಒಂದು ದ್ರವ ಹಚ್ಚಿ ಅಕ್ಷರದ ತೂತು ಮುಚ್ಚಬೇಕು. ಒಣಗಿದ ಮೇಲೆ ಅದರ ಮೇಲೆಯೇ ಸರಿಯಾದ್ದನ್ನು ಬರೆಯಬೇಕು. ಅದಕ್ಕೂ ಇಂಥದೇ ಪುಟ್ಟ ಬಾಟಲಿ, ಮುಚ್ಚಳಕ್ಕೆ ಅಂಟಿಕೊಂಡ ಇಂಥದೇ ಕುಂಚ, ಮೂಗಿನೊಳಗೆ ಹೋಗಿ ಕೂರುವ ಇಂಥದೇ ವಾಸನೆ. ನಾನು ಅದನ್ನು ಸಾವಿರ ಸಲ ತಪ್ಪು ಅಳಿಸಲಿಕ್ಕೆ ಹಚ್ಚಿದ್ದೇನೆ. ಒಂದು ಸಲ ಸರಿಯಾಗಿದ್ದದ್ದನ್ನು ಅಳಿಸಲಿಕ್ಕೆ ಹಚ್ಚಿದೆ.

ಎಂಬತ್ತೈದರ ಮಳೆಗಾಲ. ನನಗೆ ಇಪ್ಪತ್ತಮೂರು. ಬೋಳಾರದ ನದಿ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಮಳೆಗಾಲದಲ್ಲಿ ಹಸಿ ಹಂಚು ಒಣಗುವುದಿಲ್ಲ, ಕಾರ್ಖಾನೆ ಅರೆ ನಿದ್ದೆಯಲ್ಲಿರುತ್ತದೆ, ಗುಮಾಸ್ತನಿಗೆ ಚಿಂತೆ ಮಾಡಲು ಬೇಕಾದಷ್ಟು ಪುರುಸೊತ್ತು. ಆ ಪುರುಸೊತ್ತನ್ನು ನಾನು ಹಾಳು ಮಾಡಿದವನಲ್ಲ. ಕೊಡೆ ಮರೆತೆನೋ ಎಂದು ಚಿಂತೆ. ಮರೆಯದಿದ್ದರೆ ಬೇರೆಯವರ ಕೊಡೆ ತಂದೆನೋ ಎಂದು ಚಿಂತೆ. ಹೊಳೆ ಏರಿದರೆ ಕಾರ್ಖಾನೆ ಮುಳುಗೀತೆಂದು, ಇಳಿದರೆ ದೋಣಿ ಬಾರದೆ ಮಣ್ಣು ಬರಲಿಕ್ಕಿಲ್ಲವೆಂದು.

ಆದಿತ್ಯವಾರ ಮಧ್ಯಾಹ್ನ ಮಾತ್ರ ಚಿಂತೆಗೆ ರಜೆ. ಬಿಜೈಯಲ್ಲಿ ಜಯರಾಮಣ್ಣನ ತಂದೆಯ ಹೋಟೆಲು. ಅದರ ಮಹಡಿಯ ಕೋಣೆಯಲ್ಲಿ ನಾವು ಐದಾರು ಜನ ಸೇರುತ್ತಿದ್ದೆವು. ಜಯರಾಮಣ್ಣನ ಭಾವ ಹಡಗಿನ ಕೆಲಸದವರು, ಯಾವುದೋ ಬಂದರಿನಿಂದ ಒಂದು ಇಂಗ್ಲಿಷ್ ಪುಸ್ತಿಕೆ ತಂದುಕೊಟ್ಟಿದ್ದರು. ಮೇಜಿನ ಸುತ್ತ ಕೂತು ಪಾತ್ರ ಕಟ್ಟಿ ಆಡುವ ಆಟದ ಪುಸ್ತಿಕೆ. ಅದನ್ನು ಅಮ್ಮನಿಗೆ ಅರ್ಥ ಮಾಡಿಸಲು ನನಗೆ ಒಂದೇ ಮಾತು ಸಾಕಾಯಿತು.

"ತಾಳಮದ್ದಳೆ ಇದ್ದ ಹಾಗೆ ಅಮ್ಮ. ವೇಷ ಇಲ್ಲ, ಕೂತು ಮಾತಾಡುವುದು. ಪ್ರಸಂಗ ಮಾತ್ರ ಮೊದಲೇ ಗೊತ್ತಿರುವುದಿಲ್ಲ."

"ಹಾಗಾದ್ರೆ ರಾಕ್ಷಸ ಗೆದ್ದರೂ ಗೆಲ್ಲಬಹುದಾ?"

"ಗೆಲ್ಲಬಹುದು."

"ಎಂತ ಪ್ರಸಂಗವಾ ಏನೋ" ಎಂದು ಅಮ್ಮ ಒಣ ಮೀನಿನ ತಲೆ ಮುರಿದಳು.

ಹಾಗಾಗಿ ಆಟ ನಡೆಸುವವನಿಗೆ ನಮ್ಮಲ್ಲಿ ಭಾಗವತ ಎಂದೇ ಹೆಸರು. ಪುಸ್ತಿಕೆಯಲ್ಲಿ ಇಪ್ಪತ್ತು ಮುಖದ ದಾಳ ಬೇಕೆಂದಿತ್ತು. ಮಂಗಳೂರಿನಲ್ಲಿ ಅದು ಎಲ್ಲಿ ಸಿಗಬೇಕು? ಕ್ಲಬ್ಬಿನವರು ಬಿಸಾಡಿದ ಹೌಸಿ ಆಟದ, ಅಂಕೆ ಬರೆದ ಮರದ ಬಿಲ್ಲೆಗಳಲ್ಲಿ ಒಂದರಿಂದ ಇಪ್ಪತ್ತರ ತನಕದ್ದನ್ನು ಆರಿಸಿ ಬಿಸ್ಕೆಟ್ ಡಬ್ಬಿಗೆ ಹಾಕಿ ಕುಲುಕಿದೆವು. ದೊಡ್ಡ ಅಂಕೆ ಬಂದರೆ ಗೆಲುವು, ಸಣ್ಣದು ಬಂದರೆ ಗ್ರಹಚಾರ.

ಆಟ ಹಬ್ಬಿತು. ಉಡುಪಿ, ಕಾರ್ಕಳ, ಕುಂದಾಪುರ, ಪುತ್ತೂರು, ಕಾಸರಗೋಡು, ಬೊಂಬಾಯಿ ಹೀಗೆ ಆರು ಊರಿನಲ್ಲಿ ಗೆಳೆಯರ ಗೆಳೆಯರು ತಮ್ಮ ತಮ್ಮ ಮೇಜು ಹಾಕಿದರು. ಅವರೆಲ್ಲರಿಗೆ ಹದಿನೈದು ದಿನಕ್ಕೊಮ್ಮೆ ನಮ್ಮ ಸುತ್ತೋಲೆ. ಒಬ್ಬರು ಕಟ್ಟಿದ ಪ್ರಸಂಗದ ಒಂದು ಭಾಗವನ್ನು ನಾನು ಸ್ಟೆನ್ಸಿಲ್ ಹಾಳೆಯ ಮೇಲೆ ಮುಳ್ಳಿನಂಥ ಪೆನ್ನಿನಿಂದ ಬರೆದು, ಮಧ್ಯಾಹ್ನ ಮೇನೇಜರು ಊಟಕ್ಕೆ ಹೋದಾಗ ಕಾರ್ಖಾನೆಯ ಸೈಕ್ಲೋಸ್ಟೈಲಿನಲ್ಲಿ ನಲವತ್ತು ಪ್ರತಿ ತಿರುಗಿಸಿ, ಅಂಚೆಗೆ ಹಾಕುವುದು. ಆರೂ ಊರಿನವರು ಅದನ್ನು ಆಡಿ, ಯಾರು ಬದುಕಿದರು, ಯಾರು ಹೊಳೆಗೆ ಬಿದ್ದರು ಎಂದು ಕಾಗದ ಬರೆಯುವುದು. ಈಗ ಮಗಳು ಉಗುರು ಒಣಗುವುದರೊಳಗೆ ಮಾಡುವ ಕೆಲಸಕ್ಕೆ ನಮಗೆ ಹದಿನೈದು ದಿನ ಹಿಡಿಯುತ್ತಿತ್ತು.

ನಮ್ಮದೇ ಆದ ಒಂದು ಕ್ರಮ ಇತ್ತು. ಪ್ರಸಂಗ ಕಟ್ಟಿದವರು ಕೊನೆಯ ಹಾಳೆಯನ್ನು ಲಕೋಟೆಯಲ್ಲಿ ಮುಚ್ಚಿ ತಮ್ಮ ಹತ್ತಿರವೇ ಇಟ್ಟುಕೊಳ್ಳಬೇಕು. ಯಾವುದಾದರೂ ಊರಿನವರು ಆ ಜಾಗಕ್ಕೆ ತಲುಪಿದರೆಂದು ಸುದ್ದಿ ಬಂದ ಮೇಲೆಯೇ ಅದನ್ನು ಕೊಡಬೇಕು. ಕೊನೆಯನ್ನು ಮೊದಲೇ ಕದ್ದು ಓದುವ ಜನ ಇರುತ್ತಾರೆಂದು ಈ ಕ್ರಮ. ನಮ್ಮ ಬಳಗದಲ್ಲಿ ಅಂಥ ಜನ ಅಂದರೆ ನಾನು. ಕೊನೆಯಲ್ಲಿ ಎಂತಾಗುತ್ತದೆಂದು ತಿಳಿಯದೆ ನನಗೆ ಅನ್ನ ಇಳಿಯುವುದಿಲ್ಲ.

ಇನ್ನೊಬ್ಬ ಆಟಗಾರ ಬಹರೈನಿನಲ್ಲಿದ್ದ. ತೊಕ್ಕೊಟ್ಟಿನ ಉಮೇಶ, ನನ್ನ ಕಾಲೇಜಿನ ದೋಸ್ತಿ. ಅಲ್ಲಿಂದ ಏರ್‌ಮೇಲಿನಲ್ಲಿ ನಮ್ಮ ಮೇಜಿಗೆ ಆಡುತ್ತಿದ್ದ. ಅವನ ಉತ್ತರ ಬರುವಾಗ ಮೂರು ವಾರ. ನಾವೆಲ್ಲ ದ್ವೀಪ ದಾಟಿ, ಕೋಟೆ ಹತ್ತಿ, ಕಳ್ಳರನ್ನು ಹಿಡಿದು ಆಗಿರುತ್ತಿತ್ತು, ಉಮೇಶ ಮಾತ್ರ ಇನ್ನೂ ಬಂದರಿನ ಧಕ್ಕೆಯಲ್ಲಿ ನಿಂತು "ದೋಣಿಯವನೇ, ಎಷ್ಟು ಜನ ಹಿಡಿಯುತ್ತದೆ?" ಎಂದು ಕೇಳುತ್ತಿದ್ದ. ಅವನಿಗಾಗಿ ಬಿಲ್ಲೆ ಎತ್ತುವಾಗ ಒಬ್ಬರು ಸಾಕ್ಷಿ ಇರಬೇಕೆಂದು ನಿಯಮ. ನಮ್ಮ ಮನೆಯಲ್ಲಿ ಸಾಕ್ಷಿ ಅಮ್ಮ. ಸುತ್ತೋಲೆಯ ಅಡಿಯಲ್ಲಿ ಹಾಗೆಯೇ ಬರೆಯುತ್ತಿದ್ದೆ: ಬಿಲ್ಲೆ ಎತ್ತಿದ್ದಕ್ಕೆ ಸಾಕ್ಷಿ, ನನ್ನ ಅಮ್ಮ.

ಮೇ ತಿಂಗಳಲ್ಲಿ, ಇನ್ನು ಸುತ್ತೋಲೆಯನ್ನು ತೊಕ್ಕೊಟ್ಟಿನ ಮನೆಗೇ ಕಳಿಸು ಎಂದು ಉಮೇಶ ಒಂದು ಸಾಲು ಬರೆದ, ಆಮೇಲೆ ಅವನ ಉತ್ತರಗಳು ಎರಡೇ ದಿನದಲ್ಲಿ ಬರಲಾರಂಭಿಸಿದವು. ಕಾರ್ಡಿನ ಮೇಲೆ ತೊಕ್ಕೊಟ್ಟಿನ ಮುದ್ರೆ. ಇದರಿಂದ ನಾನು ಎಂತ ತಿಳಿದುಕೊಂಡೆ? ಪಾಪ, ಗಲ್ಫಿನಲ್ಲಿ ಕೆಲಸ ಹೋಗಿದೆ, ನಾಚಿಕೆಯಲ್ಲಿ ಮನೆಯೊಳಗೆ ಅಡಗಿ ಕೂತಿದ್ದಾನೆ ಎಂದು. ಎರಡು ತಿಂಗಳು ಅವನ ಮಾನ ಕಾಪಾಡಲು ಏನೂ ತಿಳಿಯದವನ ಹಾಗೆ ಇದ್ದೆ. ಆಟವಂತೂ ಭಾರೀ ಚುರುಕಾಗಿತ್ತು. ಮೊದಲು ದೋಣಿಯ ಲೆಕ್ಕ ಕೇಳುತ್ತಿದ್ದವ ಈಗ ಕಾವಲುಗಾರನ ಹೆಂಡತಿಯ ಹತ್ತಿರ ಮಾತಾಡಿ ಬೀಗದ ಕೈ ತರುತ್ತಿದ್ದ. ಕಷ್ಟ ಮನುಷ್ಯನಿಗೆ ಬುದ್ಧಿ ಕೊಡುತ್ತದೆ ಎಂದುಕೊಂಡೆ.

ಜುಲೈಯ ಒಂದು ಮಧ್ಯಾಹ್ನ ಆಫೀಸಿನ ಬಾಗಿಲಲ್ಲಿ ಒಬ್ಬ ಹುಡುಗಿ ಕೊಡೆ ಕೊಡವುತ್ತಾ ನಿಂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ನೋಟುಬುಕ್ಕು.

"ಸುಂದರಣ್ಣ ಅಂದ್ರೆ ನೀವಾ?"

"ಹೌದು. ಎಂತ ಬೇಕಿತ್ತು?"

"ನಾನು ಉಮೇಶ."

ನಾನು ಎದ್ದು ನಿಂತೆ. ಆ ಮಾತಿಗೆ ಬೇರೆ ಎಂತ ಮಾಡಬೇಕೆಂದು ಗೊತ್ತಾಗಲಿಲ್ಲ.

"ಅವನ ತಂಗಿ, ವಾಸಂತಿ. ಮೂರು ವಾರ ತಡ ಆಗ್ತದೆ, ನೀನೇ ಉತ್ತರ ಬರೆ ಅಂತ ಅಣ್ಣ ಕಾಗದ ಹಾಕಿದ. ಎರಡು ತಿಂಗಳಿಂದ ನಾನೇ ಬರೆಯುವುದು. ನಿಮಗೆ ಗೊತ್ತಾಗಲಿಲ್ವಾ?"

"ಗೊತ್ತಾಯ್ತು" ಎಂದೆ. "ಸ್ವಲ್ಪ ಬೇರೆ ಥರ ಗೊತ್ತಾಯ್ತು."

ತೊಕ್ಕೊಟ್ಟಿನಿಂದ ಒಳಗೆ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಂತೆ. ಹೋಟೆಲಿನ ಮಹಡಿಗೆ ಗಂಡಸರ ನಡುವೆ ಆಡಲು ಮನೆಯಲ್ಲಿ ಬಿಡುವುದಿಲ್ಲ. ಅಂಚೆಯಲ್ಲಿ ಆಡಬೇಡ ಎನ್ನಲು ಅವಳ ಅಮ್ಮನಿಗೆ ಇನ್ನೂ ಹೊಳೆದಿಲ್ಲ. ನೋಟುಬುಕ್ಕನ್ನು ಮೇಜಿನ ಮೇಲಿಟ್ಟು ಹೇಳಿದಳು: "ಇದೊಂದು ಪ್ರಸಂಗ. ಐದು ಭಾಗ ಉಂಟು. ಕೊನೆಯ ಹಾಳೆ ನನ್ನ ಹತ್ತಿರ. ಇಷ್ಟು ದಿನ ಅಣ್ಣನ ಹೆಸರಲ್ಲಿ ಆಡಿದೆ. ಇದಕ್ಕೆ ನನ್ನ ಹೆಸರು ಹಾಕ್ತೀರಲ್ಲ?"

"ಮತ್ತೆ ಯಾರದ್ದು ಹಾಕುವುದು?" ಎಂದೆ. ಈ ಮಾತು ನನ್ನ ಬಾಯಿಂದಲೇ ಬಂತು. ಬರೆದಿಟ್ಟುಕೊಳ್ಳಿ.

ಆ ಮಧ್ಯಾಹ್ನ ನಾನು ಊಟ ಮಾಡಲಿಲ್ಲ, ನೋಟುಬುಕ್ಕು ಓದಿದೆ. ಅಳಿವೆಯ ಮರಳ ದಿಬ್ಬಕ್ಕೆ ಸಿಕ್ಕಿ ಅರ್ಧ ಮುಳುಗಿದ ಒಂದು ಹಡಗು. ಯಾವ ದೇಶದ್ದೆಂದು ಗೊತ್ತಿಲ್ಲ, ಮೇಲೆ ಒಬ್ಬರೂ ಇಲ್ಲ. ಆಟಗಾರರು ವೀರರೂ ಅಲ್ಲ ಶೂರರೂ ಅಲ್ಲ: ಒಬ್ಬ ಬಲೆಯವ, ಒಬ್ಬ ಕಸ್ಟಮ್ಸಿನ ಗುಮಾಸ್ತ, ಒಬ್ಬಳು ಸೂಲಗಿತ್ತಿ, ಒಬ್ಬ ಸಾಲದಿಂದ ತಲೆಮರೆಸಿಕೊಂಡವ. ಇವರು ಒಂದೊಂದೇ ಅಂತಸ್ತು ಇಳಿಯಬೇಕು. ಪ್ರತಿ ಭಾಗದ ಕೊನೆಗೂ ಕೆಳಗಿನಿಂದ ಸದ್ದು. ಮೂರು ಸಲ ತಟ್ಟುತ್ತದೆ, ಒಂದು ಬಿಡುವು, ಮತ್ತೆ ಮೂರು ಸಲ. ಐದನೆಯ ಭಾಗದಲ್ಲಿ ಸರಕಿನ ಕೋಣೆಯ ಬಾಗಿಲು. ಬಾಗಿಲು ಹೊರಗಿನಿಂದ ಹಾಕಿದೆ. ಒಳಗಿನಿಂದ ಯಾರೋ ತಟ್ಟುತ್ತಿದ್ದಾರೆ. ಅಲ್ಲಿಗೆ ನೋಟುಬುಕ್ಕು ಮುಗಿಯಿತು. ಹಿಂದುಮುಂದು ತಿರುಗಿಸಿ ನೋಡಿದೆ. ಇಲ್ಲ. ಕೊನೆಯ ಹಾಳೆ ಅವಳ ಹತ್ತಿರ.

ಮೊದಲ ಭಾಗ ಸ್ಟೆನ್ಸಿಲ್ ಮಾಡಿ, 'ರಚನೆ: ವಾಸಂತಿ, ತೊಕ್ಕೊಟ್ಟು' ಎಂದು ಮೇಲೆ ಬರೆದು, ಆದಿತ್ಯವಾರ ಬಿಜೈಗೆ ಒಯ್ದೆ. ಒಯ್ಯುವ ಅಗತ್ಯ ಇರಲಿಲ್ಲ. ಆದರೆ ಏನನ್ನಾದರೂ ಮಾಡುವ ಮೊದಲು ಯಾರಿಗಾದರೂ ತೋರಿಸದಿದ್ದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಜಯರಾಮಣ್ಣ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಪೂರ್ತಿ ಓದಿದ. ನನಗಿಂತ ಐದಾರು ವರ್ಷ ದೊಡ್ಡವ, ಬಿಳಿ ಶರ್ಟು, ಯಾವಾಗಲೂ ನಗುಮುಖ.

"ಭಾರೀ ಚೆಂದ ಉಂಟು ಮಾರಾಯ. ಯಾರಿದು ವಾಸಂತಿ?"

"ಉಮೇಶನ ತಂಗಿ. ಟೀಚರು."

"ಹೆಸರು ಬೇಡ."

"ಯಾಕೆ ಜಯರಾಮಣ್ಣ?"

"ಹುಡುಗಿ ಬರೆದದ್ದು ಅಂತ ಗೊತ್ತಾದ್ರೆ ಪುತ್ತೂರಿನವರು ಸುಮ್ಮನೆ ಇರ್ತಾರಾ? ತಮಾಷೆ ಮಾಡ್ತಾರೆ. ಅವಳ ವಿಳಾಸಕ್ಕೆ ಕಾಗದ ಬರೀತಾರೆ. ನಾಳೆ ಮದುವೆ ಆಗಬೇಕಾದ ಹುಡುಗಿ. ನಾನು ಅವಳ ಒಳ್ಳೇದಕ್ಕೇ ಹೇಳುವುದು."

"ಹಾಗಾದ್ರೆ ಬಳಗದ ಹೆಸರು ಹಾಕುವ."

"ಬಳಗ ಅಂದ್ರೆ ಯಾರು? ಪುಸ್ತಕ ಯಾರದ್ದು? ಕೋಣೆ ಯಾರದ್ದು? ನೀನು ಈಗ ತಿಂದ ಬನ್ಸ್ ಯಾರದ್ದು?" ಅವನು ನಗುತ್ತಲೇ ಇದ್ದ. "ನನ್ನ ಹೆಸರು ಹಾಕು. ಆಮೇಲೆ ನೋಡುವ. ಹ್ಞಾಂ, ನಿನ್ನ ಮೇನೇಜರು ಮೊನ್ನೆ ಊಟಕ್ಕೆ ಬಂದಿದ್ರು. ಸೈಕ್ಲೋಸ್ಟೈಲಿನ ವಿಷಯ ನಾನು ಎಂತದೂ ಹೇಳಲಿಲ್ಲ, ಆಯ್ತಾ?"

ಇದು ಬೆದರಿಕೆ ಎಂದು ಮನೆಗೆ ಹೋಗುವ ದಾರಿಯಲ್ಲಿ ಹೊಳೆಯಿತು. ಹೋಟೆಲಿನಲ್ಲಿ ನಾನು ಅವನಿಗೆ ಉಪಕಾರವಾಯಿತೆಂದು ಹೇಳಿ ಮೆಟ್ಟಿಲಿಳಿದಿದ್ದೆ. ಇವತ್ತಿಗೂ ಹಲ್ಲು ಕಡಿಯುವುದು ಅವನು ಹೇಳಿದ್ದಕ್ಕಲ್ಲ, ಆ ಉಪಕಾರದ ಮಾತಿಗೆ.

ಸೋಮವಾರ ಮಧ್ಯಾಹ್ನ ಬಾಟಲಿ ತೆಗೆದೆ. ಅವಳ ಹೆಸರಿನ ಮೇಲೆ ಗುಲಾಬಿ ದ್ರವ ಎಳೆದೆ. ಹೊರಗೆ ಎರಡು ದಿನದಿಂದ ಬಿಡದ ಮಳೆ. ಶೆಡ್ಡಿನಲ್ಲಿ ಹಂಚು ಒಣಗುತ್ತಿಲ್ಲ, ನನ್ನ ಮೇಜಿನ ಮೇಲೆ ಇದೂ ಒಣಗುತ್ತಿಲ್ಲ. ಊದಿದೆ. ಪುಸ್ತಕದಿಂದ ಗಾಳಿ ಹಾಕಿದೆ. ಮೇನೇಜರ ಕಾರಿನ ಸದ್ದು ಕೇಳಿದ ಹಾಗಾಯಿತು. ಹಸಿಯ ಮೇಲೆಯೇ ಜಯರಾಮನ ಹೆಸರು ಗೀರಿ, ಯಂತ್ರಕ್ಕೆ ಸುತ್ತಿ ತಿರುಗಿಸಿದೆ. ಕಾರು ಬಂದಿರಲಿಲ್ಲ. ಅದು ಗುಡುಗು.

ನಲವತ್ತೂ ಪ್ರತಿಯಲ್ಲಿ ಜಯರಾಮನ ಹೆಸರಿನ ಹಿಂದೆ ಇನ್ನೊಂದು ಹೆಸರಿನ ನೆರಳು ಇತ್ತು. ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು. ಆತ್ಮಸಾಕ್ಷಿಗೆ ಹೆದರಿ ಬೇಕೆಂದೇ ತೆಳ್ಳಗೆ ಹಚ್ಚಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಗುಡುಗಿಗೆ ಹೆದರಿದ್ದು.

ಮುಳುಗಿದ ಹಡಗು ಹುಚ್ಚು ಹಿಡಿಸಿತು. ಕುಂದಾಪುರದವರು ವಾರಕ್ಕೆ ಎರಡು ಸಲ ಆಡಿದರು. ಬೊಂಬಾಯಿಯಿಂದ ಎಂಟು ಪುಟದ ಕಾಗದ. ಕಾಸರಗೋಡಿನಲ್ಲಿ ಸೂಲಗಿತ್ತಿಯ ಪಾತ್ರಕ್ಕೆ ಇಬ್ಬರು ಜಗಳವಾಡಿ ಮಾತು ಬಿಟ್ಟರಂತೆ. ಎಲ್ಲ ಕಾಗದವೂ ಜಯರಾಮಣ್ಣನ ಹೆಸರಿಗೆ. ಅವನು ಗಲ್ಲಾದಲ್ಲಿ ಕೂತು ಓದಿ ಗಿರಾಕಿಗಳಿಗೂ ಓದಿ ಹೇಳುತ್ತಿದ್ದ. ತಟ್ಟುವ ಸದ್ದು ಅವನಿಗೆ ಹೊಳೆದದ್ದು ಬೆಳಿಗ್ಗೆ ಹಲ್ಲು ಉಜ್ಜುವಾಗ ಎಂದು ಒಮ್ಮೆ ನನ್ನೆದುರಿಗೇ ಹೇಳಿದ. ನನ್ನ ಎದುರಿಗೆ! ನಾನು ಚಾ ಕುಡಿದೆ.

ತೊಕ್ಕೊಟ್ಟಿನಿಂದ ಒಂದು ಕಾರ್ಡು ಬಂತು. 'ಸುತ್ತೋಲೆ ತಲುಪಿತು. ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಇನ್ನು ಮುಂದೆ ಉಮೇಶನ ಪಾತ್ರ ಆಡುವುದಿಲ್ಲ.'

ಕಾರ್ಡನ್ನು ಅಮ್ಮ ನನಗಿಂತ ಮೊದಲು ಓದಿದ್ದಳು, ಉಳಿದ ಕತೆಯನ್ನು ನನ್ನ ಬಾಯಿಂದ ಬಿಡಿಸಿದಳು. ಆ ದಿನ ಅಂಚೆಯಲ್ಲಿ ಆಡುವ ಇನ್ನೊಬ್ಬರಿಗೆ ಬಿಲ್ಲೆ ಎತ್ತಬೇಕಿತ್ತು. ಡಬ್ಬಿ ಹಿಡಿದು ಹೋದರೆ ಅಮ್ಮ ಕೈ ಹಿಂದೆ ಕಟ್ಟಿಕೊಂಡಳು.

"ಇಜ್ಜಿ, ಇಲ್ಲ. ನಾನಿಲ್ಲ ಇದಕ್ಕೆ. ಒಬ್ಬಳ ಹೆಸರು ತಿಂದ ಆಟಕ್ಕೆ ನಾನು ಸಾಕ್ಷಿ ನಿಲ್ಲುವುದಾ? ಹೋಗು, ಆ ಹೋಟೆಲಿನವನನ್ನೇ ನಿಲ್ಲಿಸು."

"ನಾನು ಎಂತ ಮಾಡಬೇಕಿತ್ತು ಅಮ್ಮ? ಕೆಲಸ ಹೋಗ್ತಿತ್ತು."

"ಹೋಯ್ತಾ?"

"ಇಲ್ಲ."

"ಮತ್ತೆ?"

ಈ 'ಮತ್ತೆ'ಗೆ ಉತ್ತರ ಹುಡುಕುತ್ತಾ ಎರಡು ದಿನ ನಿದ್ದೆ ಇಲ್ಲ. ಕೊನೆಗೆ ನನ್ನ ಜೀವನದಲ್ಲಿ ಮೊದಲ ಸಲ ಎಂಬಂತೆ ಒಂದು ಕೆಲಸ ಮಾಡಿದೆ. ಹೊಸ ಸ್ಟೆನ್ಸಿಲ್ ತೆಗೆದು ದೊಡ್ಡ ಅಕ್ಷರದಲ್ಲಿ ಬರೆದೆ: 'ತಿದ್ದುಪಡಿ. ಮುಳುಗಿದ ಹಡಗು ಎಂಬ ಪ್ರಸಂಗವನ್ನು ರಚಿಸಿದವರು ವಾಸಂತಿ, ತೊಕ್ಕೊಟ್ಟು. ಹಿಂದಿನ ಸುತ್ತೋಲೆಗಳಲ್ಲಿ ಬೇರೆ ಹೆಸರು ಬಿದ್ದದ್ದು ಬರೆದವನ ತಪ್ಪು.' ನಲವತ್ತು ಪ್ರತಿ. ಅಕ್ಷರ ಒಂದೂ ಮಸುಕಿಲ್ಲ.

ಆಮೇಲೆ ಎಂತ ಮಾಡಿದೆ? ಮನೆಯಿಂದ ನೂರು ಹೆಜ್ಜೆಗೆ ಅಂಚೆ ಡಬ್ಬಿ. ನಾನು ನಲವತ್ತು ಪ್ರತಿಯ ಕಟ್ಟು ಹಿಡಿದು ಬಸ್ಸು ಹತ್ತಿ ಬಿಜೈಗೆ ಹೋದೆ. ಜಯರಾಮಣ್ಣನಿಗೆ ಒಂದು ಮಾತು ತಿಳಿಸಿ ಕಳಿಸುವ ಎಂದು.

"ಓ, ಇಟ್ಟು ಹೋಗು. ನೋಡ್ತೇನೆ" ಎಂದ.

ಮುಂದಿನ ಆದಿತ್ಯವಾರ ಹೋದಾಗ ಕೆಳಗೆ ಹೋಟೆಲು ತುಂಬಿತ್ತು. ಮೂಲೆಯ ಮೇಜಿನಲ್ಲಿ ಒಬ್ಬರು ಗೋಳಿಬಜೆ ತಿನ್ನುತ್ತಿದ್ದರು. ಗೋಳಿಬಜೆಯ ಅಡಿಯ ಕಾಗದದಲ್ಲಿ ನನ್ನ ಅಕ್ಷರ. ಪಕ್ಕದ ಮೇಜಿನಲ್ಲಿಯೂ. ಬಾಗಿಲ ಹತ್ತಿರ ಕಟ್ಟಿ ಕೊಡುವ ಪೊಟ್ಟಣದಲ್ಲಿಯೂ. ಬಿಜೈಯ ಸಮಸ್ತ ಜನರು ವಾಸಂತಿಯ ಹೆಸರಿನ ಮೇಲೆ ಬಿಸಿ ಬಿಸಿ ಎಣ್ಣೆ ಒರೆಸುತ್ತಿದ್ದರು. ಗಲ್ಲಾದಿಂದ ಜಯರಾಮಣ್ಣ ನನ್ನನ್ನು ನೋಡಿ ಅದೇ ನಗು ನಕ್ಕ. "ಬಾ ಮಾರಾಯ, ಒಂದು ಪ್ಲೇಟು ತಿನ್ನು. ಮಳೆಗೆ ಲಾಯಕ್ಕಾಗ್ತದೆ."

ಒಂದು ಬೋಗುಣಿ ಚಟ್ನಿ ಎತ್ತಿ ಆ ಬಿಳಿ ಶರ್ಟಿನ ಮೇಲೆ ಸುರಿಯಬೇಕಿತ್ತು. ಈ ಮೂವತ್ತು ವರ್ಷಗಳಲ್ಲಿ ನಾನು ಅದನ್ನು ಎಷ್ಟೋ ಸಲ ಸುರಿದಿದ್ದೇನೆ, ಸ್ನಾನ ಮಾಡುವಾಗ, ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದಾಗ. ಆ ದಿನ ಮಾತ್ರ ಯಾರೋ ಬಿಟ್ಟು ಹೋದ ಮೇಜಿನಿಂದ ಒಂದು ಹಾಳೆ ಎತ್ತಿ, ಎಣ್ಣೆ ಒರೆಸಿ, ಮಡಚಿ ಕಿಸೆಗೆ ಹಾಕಿಕೊಂಡೆ.

ಸೆಪ್ಟೆಂಬರಿನ ನಡುವಿಗೆ ಕುಂದಾಪುರದವರು ಸರಕಿನ ಕೋಣೆಯ ಬಾಗಿಲಿಗೆ ತಲುಪಿದರು. ಮಾರನೆಯ ವಾರ ಉಡುಪಿಯವರು. ಕೊನೆಯ ಹಾಳೆ ಕಳಿಸಿ ಎಂದು ಕಾಗದದ ಮೇಲೆ ಕಾಗದ. ಒಳಗೆ ಯಾರಿದ್ದಾರೆ, ರಚಿಸಿದವರೇ ಹೇಳಿ! ರಚಿಸಿದವರು ಗಲ್ಲಾದಲ್ಲಿ ಕೂತು ಬೆವರುತ್ತಿದ್ದರು. ಕದಿಯುವ ಭರದಲ್ಲಿ ನಮ್ಮದೇ ಕ್ರಮವನ್ನು ಅವನು ಮರೆತಿದ್ದ. ಆ ಇಡೀ ಮಳೆಗಾಲದಲ್ಲಿ ನನಗೆ ಸಂತೋಷವಾದದ್ದು ಅದೊಂದೇ ವಾರ.

"ಸುಂದರ, ನೀನು ಒಮ್ಮೆ ತೊಕ್ಕೊಟ್ಟಿಗೆ ಹೋಗಿ ಬಾ. ಆ ಹಾಳೆ ತಾ. ಬಳಗದ ಮರ್ಯಾದೆ ಪ್ರಶ್ನೆ."

ಹೋದೆ. ಬಸ್ಸು ಸೇತುವೆ ದಾಟುವ ಉದ್ದಕ್ಕೂ ಕೆಳಗೆ ಕೆಂಪು ನೀರು. ಶಾಲೆ ಬಿಟ್ಟಿತ್ತು. ಜಗಲಿಯಲ್ಲಿ ವಾಸಂತಿ ಒಬ್ಬಳೇ, ಮಕ್ಕಳ ಸ್ಲೇಟು ಜೋಡಿಸುತ್ತಿದ್ದಳು. ನನ್ನನ್ನು ಕೂತುಕೊಳ್ಳಿ ಎನ್ನಲಿಲ್ಲ. ನಾನು ಕಿಸೆಯಿಂದ ಎಣ್ಣೆಯ ಹಾಳೆ ತೆಗೆದು ಕೊಟ್ಟೆ. ಅವಳು ಓದಿದಳು.

"ಇದು ಯಾಕೆ ಹೀಗೆ ಜಿಡ್ಡು?"

ಹೇಳಿದೆ. ಎಲ್ಲವನ್ನೂ ಹೇಳಿದೆ, ಗೋಳಿಬಜೆ ಸಮೇತ.

"ಕಳಿಸಲಿಕ್ಕೆ ಯಾರ ಹತ್ತಿರ ಕೇಳಿದ್ದು ನೀವು?"

"ಜಯರಾಮಣ್ಣನ ಹತ್ತಿರ."

"ಕದ್ದವನ ಹತ್ತಿರ." ಸ್ಲೇಟುಗಳನ್ನು ಟಪ್ಪೆಂದು ಇಟ್ಟಳು. "ಆರು ಊರಿನ ವಿಳಾಸ ನಿಮ್ಮ ಹತ್ತಿರ ಉಂಟು. ಸ್ಟಾಂಪು ಉಂಟು. ಅವನು ನನ್ನ ಹೆಸರು ತೆಗಿ ಅಂತ ಬಾಯಲ್ಲಿ ಹೇಳಿದ್ದು, ಸುಂದರಣ್ಣ. ಕೈಯಲ್ಲಿ ತೆಗೆದದ್ದು ನೀವು. ನನಗೆ ಅವನ ಮೇಲೆ ಅಷ್ಟು ಸಿಟ್ಟಿಲ್ಲ. ಅವನು ಯಾರು ಅಂತಲೇ ನನಗೆ ಗೊತ್ತಿಲ್ಲ. ನಾನು ನೋಟುಬುಕ್ಕು ಕೊಟ್ಟದ್ದು ನಿಮಗೆ."

ಹಂಚಿನ ಮಾಡಿನ ನೀರು ಅಂಗಳಕ್ಕೆ ಬೀಳುತ್ತಿತ್ತು. ಅವಳು ಚೀಲದಿಂದ ಒಂದು ಲಕೋಟೆ ತೆಗೆದಳು. ಮುಚ್ಚಿ ಅಂಟಿಸಿದ್ದು. ಎದೆಯ ಮಟ್ಟಕ್ಕೆ ಹಿಡಿದಳು.

"ಈಗ ನಾನು ಭಾಗವತಿಕೆ ಮಾಡ್ತೇನೆ. ನೀವು ಆಟಗಾರ. ಬಾಗಿಲಿನ ಮುಂದೆ ನಿಂತಿದ್ದೀರಿ. ಹೊರಗಿಂದ ಚಿಲಕ. ಒಳಗಿಂದ ತಟ್ಟುವುದು ಕೇಳ್ತಾ ಉಂಟು. ಈ ಹಾಳೆ ನಿಮಗೆ ಕೊಡ್ತೇನೆ, ನನ್ನ ಹೆಸರು ಬರೆದು ಆರು ಊರಿಗೆ ನೀವೇ, ಇವತ್ತೇ ಹಾಕುವುದಾದರೆ. ಎಂತ ಮಾಡ್ತೀರಿ?"

ಕೈ ಚಾಚಿದರೆ ಲಕೋಟೆ. ಒಂದು ಮಾತು, ಅಷ್ಟೆ. ನನ್ನ ತಲೆಯಲ್ಲಿ ಮೇನೇಜರು ಬಂದರು, ಅವರ ಊಟ ಬಂತು, ಕಾರ್ಖಾನೆಯ ಗೇಟು ಬಂತು, ಕೆಲಸವಿಲ್ಲದ ನಾನು ಮನೆಯಲ್ಲಿ ಒಣ ಮೀನು ಮುರಿಯುವುದು ಬಂತು.

"ಜಯರಾಮಣ್ಣನ ಹತ್ತಿರ ಒಮ್ಮೆ ಕೇಳಿ ಹೇಳ್ತೇನೆ" ಎಂದೆ.

ವಾಸಂತಿ ನಕ್ಕಳು. ಬಯ್ದಿದ್ದರೆ ಆಗುತ್ತಿತ್ತು. ಲಕೋಟೆಯನ್ನು ಚೀಲಕ್ಕೆ ಹಾಕಿದಳು, ಎಣ್ಣೆಯ ಹಾಳೆಯನ್ನು ನನಗೇ ವಾಪಸು ಕೊಟ್ಟಳು, ಕೊಡೆ ಬಿಡಿಸಿ ಮಳೆಗೆ ಇಳಿದು ಹೋದಳು.

ಜಯರಾಮಣ್ಣ ಕೊನೆಗೆ ತಾನೇ ಒಂದು ಹಾಳೆ ಬರೆದ. ಬಾಗಿಲು ತೆರೆದಾಗ ಚಿನ್ನದ ನಾಣ್ಯದ ಪೆಟ್ಟಿಗೆಗಳು. ನಾನೇ ಸ್ಟೆನ್ಸಿಲ್ ಮಾಡಿದೆ, ಹೌದು, ಅದನ್ನೂ ನಾನೇ. ಕುಂದಾಪುರದಿಂದ ಒಂದು ಸಾಲಿನ ಕಾರ್ಡು: 'ಚಿನ್ನ ಯಾವಾಗಿನಿಂದ ಬಾಗಿಲು ತಟ್ಟಲು ಕಲಿತದ್ದು?' ಉಡುಪಿಯವರು ಅದನ್ನೂ ಬರೆಯಲಿಲ್ಲ. ದೀಪಾವಳಿಯ ಹೊತ್ತಿಗೆ ಕಾಗದಗಳು ನಿಂತವು, ಚಳಿಗಾಲಕ್ಕೆ ಮಹಡಿಯ ಕೋಣೆಯಲ್ಲಿ ಈರುಳ್ಳಿ ಚೀಲ ತುಂಬಿಸಿದರು. ಬಿಸ್ಕೆಟ್ ಡಬ್ಬಿಯಲ್ಲಿ ಅಮ್ಮ ಮೆಣಸು ಹಾಕಿಟ್ಟಳು. ಕಾರ್ಖಾನೆ ಹತ್ತು ವರ್ಷದ ಮೇಲೆ ಮುಚ್ಚಿತು. ಮೇನೇಜರಿಗೆ ಸೈಕ್ಲೋಸ್ಟೈಲಿನ ವಿಷಯ ಮೊದಲ ದಿನದಿಂದಲೇ ಗೊತ್ತಿತ್ತಂತೆ. ಹುಡುಗ ಏನೋ ಬರೆಯುತ್ತಾನೆ, ಬರೆಯಲಿ ಎಂದು ಬಿಟ್ಟಿದ್ದರಂತೆ. ಇದನ್ನು ಅವರು ನನ್ನ ಮದುವೆಯಲ್ಲಿ ಕೈಕುಲುಕುತ್ತಾ ಹೇಳಿದರು. ಆ ದಿನದ ಫೋಟೋಗಳಲ್ಲಿ ನನ್ನ ಮುಖ ಯಾಕೆ ಹಾಗಿದೆ ಎಂದು ಹೆಂಡತಿ ಈಗಲೂ ಕೇಳುತ್ತಾಳೆ.

ಆ ಆದಿತ್ಯವಾರ ರೇಗಾಟ ಮುಗಿದ ಮೇಲೆ ಶ್ರುತಿ ಸುಮ್ಮನೆ ಆ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದಳು.

"ಅಪ್ಪಾ, ಈ ಹೆಸರಿನ ಅಡಿಯಲ್ಲಿ ಇನ್ನೊಂದು ಹೆಸರು ಇದ್ದ ಹಾಗೆ ಉಂಟು."

ಕೂತು ಹೇಳಿದೆ. ಅವಳು ಉಗುರು ಮರೆತು ಕೇಳಿದಳು. ಕೊನೆಗೆ, "ನೀವು ಬಾಗಿಲು ತೆರೀಬೇಕಿತ್ತು. ಅಷ್ಟೇ ಅಲ್ವಾ?" ಎಂದಳು. ಅಷ್ಟೇ. ಇಪ್ಪತ್ತು ವರ್ಷದವರಿಗೆ ಎಲ್ಲವೂ ಅಷ್ಟೇ. ಇನ್ನೊಮ್ಮೆ ರೇಗಬೇಕೆಂದಿದ್ದೆ, ನನಗೂ ಆಗ ಇಪ್ಪತ್ತಮೂರೇ ಎಂಬುದು ನೆನಪಾಗಿ ಬಾಯಿ ಮುಚ್ಚಿದೆ.

ಎಣ್ಣೆಯ ಹಾಳೆ ಇನ್ಶೂರೆನ್ಸ್ ಫೈಲಿನಲ್ಲಿತ್ತು. ಶ್ರುತಿ ಅದರ ಚಿತ್ರ ತೆಗೆದು, ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು, ಆ ಗುಂಪಿಗೆ ಹಾಕಿದಳು. ಒತ್ತುವ ಮೊದಲು ನನ್ನ ಮುಖ ನೋಡಿದಳು. "ಹಾಕು" ಎಂದೆ. ಜಯರಾಮಣ್ಣನಿಗೆ ಈಗ ಎರಡು ಲಾಡ್ಜು, ಬೈಪಾಸು ಆದ ಎದೆ. ಈ ಸಲ ಅವನ ಹತ್ತಿರ ಕೇಳಲಿಲ್ಲ. ಹುಡುಗರು ಅವನನ್ನು ಬಯ್ದರು, ಕೆಲವರು ನನ್ನನ್ನೂ ಬಯ್ದರು. ಎರಡನೆಯವರ ಬುದ್ಧಿ ಚುರುಕಾಗಿದೆ. ಎಲ್ಲರದೂ ಕೊನೆಗೆ ಒಂದೇ ಪ್ರಶ್ನೆ: ಹಾಗಾದರೆ ಒಳಗೆ ತಟ್ಟುತ್ತಿದ್ದದ್ದು ಯಾರು? ಗೊತ್ತಿಲ್ಲ ಎಂದು ಶ್ರುತಿಯ ಕೈಯಲ್ಲಿ ಬರೆಸಿದೆ.

ಅದೇ ದಿನ ತೊಕ್ಕೊಟ್ಟಿನ ಹಳೆಯ ವಿಳಾಸಕ್ಕೆ, ಎಲ್ಲವನ್ನೂ ಬರೆದು, ತಿದ್ದುಪಡಿಯ ಪ್ರತಿ ಇಟ್ಟು, ಅದೇ ಪ್ರಶ್ನೆ ಕೇಳಿ, ಒಂದು ಕಾಗದ ಹಾಕಿದೆ. ನೂರು ಹೆಜ್ಜೆ ನಡೆದು ನಾನೇ ಡಬ್ಬಿಗೆ ಹಾಕಿದೆ. ಹತ್ತು ದಿನದ ಮೇಲೆ ಕಾರ್ಡು ಬಂತು. ಅಕ್ಷರ ಬದಲಾಗಿರಲಿಲ್ಲ.

'ಸುಂದರಣ್ಣನಿಗೆ. ತಿದ್ದುಪಡಿ ತಲುಪಿತು. ಹೆಸರು ಸರಿಯಾಗಿ ಬರೆದಿದ್ದೀರಿ. ಒಳಗಿನವರು ತಟ್ಟುವುದನ್ನು ನಿಲ್ಲಿಸಿ ತುಂಬಾ ವರ್ಷವಾಯಿತು. ವಾಸಂತಿ, ತೊಕ್ಕೊಟ್ಟು.'